ಕುರ್ಚಿ ಮಾರಿ ಕಟ್ಟಿದ ರಂಗಮಂದಿರ: ಬಾರ್ಸಿಲೋನಾದ ಲಿಸೆವು, ಒಂದು ಪ್ರಕರಣ ಅಧ್ಯಯನ

1994ರ ಜನವರಿ 31, ಸೋಮವಾರ. ಬೆಳಿಗ್ಗೆ ಹತ್ತೂವರೆ ದಾಟಿತ್ತು. ಸ್ಪೇನಿನ ಬಾರ್ಸಿಲೋನಾದಲ್ಲಿ, ಲಾ ರಾಂಬ್ಲಾ ಬೀದಿಯ ಲಿಸೆವು ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮಂದಿರದ ವೇದಿಕೆ ಮೇಲೆ ಇಬ್ಬರು ಕೆಲಸಗಾರರು ಗ್ಯಾಸ್ ಟಾರ್ಚ್ ಹಿಡಿದು ರಿಪೇರಿ ಮಾಡುತ್ತಿದ್ದರು. ರಿಪೇರಿ ಆಗುತ್ತಿದ್ದದ್ದು ಒಂದು ಉಕ್ಕಿನ ಪರದೆ. ವೇದಿಕೆಗೆ ಬೆಂಕಿ ಬಿದ್ದರೆ ಅದು ಜನ ಕೂರುವ ಸಭಾಂಗಣಕ್ಕೆ ಹರಡಬಾರದು ಅಂತ ನಡುವೆ ಇಳಿಸುವ ಪರದೆ ಅದು. ಟಾರ್ಚಿನ ಕಿಡಿ ಪಕ್ಕದ ಬಟ್ಟೆ ಪರದೆಯ ಮಡಿಕೆಗೆ ಹಾರಿತು. ಉರಿಯುವ ಚೂರುಗಳು ಕೆಳಗೆ ಬಿದ್ದವು. ಕೆಲಸಗಾರರು ಆರಿಸಲು ಓಡಾಡಿದರು. ಅಷ್ಟರಲ್ಲಿ ಮಖಮಲ್ ಪರದೆ ಹತ್ತಿಕೊಂಡು ಬೆಂಕಿ ಮೇಲಕ್ಕೆ ಏರಿತ್ತು. ಸ್ವಲ್ಪ ಹೊತ್ತಿನಲ್ಲಿ ಛಾವಣಿ ಕುಸಿಯಿತು. ವೇದಿಕೆಯೂ ಹೋಯಿತು, ಸಭಾಂಗಣವೂ ಹೋಯಿತು. ಯಾರ ಪ್ರಾಣವೂ ಹೋಗಲಿಲ್ಲ, ಅದೊಂದೇ ಸಮಾಧಾನ.

ಐದೂಮುಕ್ಕಾಲು ವರ್ಷದಲ್ಲಿ ಅದೇ ಜಾಗದಲ್ಲಿ ಲಿಸೆವು ಮತ್ತೆ ತೆರೆಯಿತು. ನೋಡಲು ಹಳೆಯದರಂತೆಯೇ ಇತ್ತು. ಆದರೆ ಒಳಗಿನ ಒಂದು ಮುಖ್ಯ ವಿಷಯ ಪೂರ್ತಿ ಬದಲಾಗಿತ್ತು. ಅದು ಕುರ್ಚಿಗಳ ಒಡೆತನ. ಈ ಬರಹ ಹೆಚ್ಚಾಗಿ ಅದರ ಬಗ್ಗೆಯೇ.

ಟಾರ್ಚ್ ಹಿಡಿದಿದ್ದವರು, ಆಮೇಲೆ ಮನೆ ಬಿಟ್ಟುಕೊಡಬೇಕಾಗಿ ಬಂದ ನೆರೆಯವರು, ಕುರ್ಚಿಗಳ ಮಾಲೀಕರು, ಇವರ ಯಾರ ಹೆಸರನ್ನೂ ಇಲ್ಲಿ ಹೇಳುತ್ತಿಲ್ಲ. ಯಾರು ಎನ್ನುವುದಕ್ಕಿಂತ ಯಾವ ಹೊತ್ತಿಗೆ ಏನು ತೀರ್ಮಾನಿಸಿದರು ಎನ್ನುವುದು ನಮಗೆ ಮುಖ್ಯ. ಇತಿಹಾಸದಲ್ಲಿ ದಾಖಲಾದ ಕೆಲವು ಹೆಸರುಗಳು ಮಾತ್ರ ಬರುತ್ತವೆ.

ಹಿನ್ನೆಲೆ: ರಾಣಿಯ ಹೆಸರು, ಊರಿನವರ ದುಡ್ಡು

ಲಿಸೆವು ಶುರುವಾದದ್ದು ಆಪೆರಾ ಮಂದಿರವಾಗಿ ಅಲ್ಲ. 1837ರಲ್ಲಿ ಬಾರ್ಸಿಲೋನಾದ ನಾಗರಿಕ ಸೇನೆಯ ಒಂದು ತುಕಡಿಯವರು ತಮ್ಮ ಖರ್ಚಿಗೆ ಹಣ ಕೂಡಿಸಲು ನಾಟಕ ಆಡಲು ಶುರುಮಾಡಿದರು. ಜಾಗ, ಸನ್ಯಾಸಿನಿಯರು ಬಿಟ್ಟುಹೋಗಿದ್ದ ಮೊಂಟ್ಸಿಯೊ ಕಾನ್ವೆಂಟು. ಮರುವರ್ಷವೇ ಅದು ಸಂಗೀತ, ನಾಟಕ ಕಲಿಸುವ ಸಂಸ್ಥೆಯಾಯಿತು. ಹೆಸರಿನಲ್ಲಿ ಸ್ಪೇನಿನ ರಾಣಿ ಎರಡನೇ ಇಸಬೆಲ್ ಸೇರಿಕೊಂಡಳು. 1844ರಲ್ಲಿ ಸನ್ಯಾಸಿನಿಯರಿಗೆ ಕಾನ್ವೆಂಟು ವಾಪಸ್ ಹೋಯಿತು. ಅದಕ್ಕೆ ಬದಲಾಗಿ ರಾಂಬ್ಲಾದಲ್ಲಿ ಹಿಂದೆ ಟ್ರಿನಿಟೇರಿಯನ್ ಸನ್ಯಾಸಿಗಳ ಮಠವಿದ್ದ ಜಾಗ ಇವರಿಗೆ ಸಿಕ್ಕಿತು. ಊರಿನ ಎದೆಯಂಥ ಜಾಗ ಅದು. ಕಟ್ಟಲು ಮಾತ್ರ ಕೈಯಲ್ಲಿ ಕಾಸಿರಲಿಲ್ಲ.

ಯುರೋಪಿನ ಬೇರೆ ಊರುಗಳಲ್ಲಿ ಇಂಥ ಮಂದಿರ ಕಟ್ಟಿಸಿದ್ದು ಸಾಮಾನ್ಯವಾಗಿ ಅರಮನೆ. ಇಲ್ಲಿ ಅರಮನೆಯಿಂದ ಬಂದದ್ದು ಹೆಸರು ಮಾತ್ರ, ಹಣ ಬರಲಿಲ್ಲ. ಹಾಗಾಗಿ ಊರಿನ ವ್ಯಾಪಾರಿಗಳು, ಮಿಲ್ ಮಾಲೀಕರು ಸೇರಿ ಒಂದು ದಾರಿ ಹುಡುಕಿದರು. ಕಟ್ಟಡ ಏಳುವ ಮೊದಲೇ ಅದರ ಕುರ್ಚಿಗಳನ್ನೂ ಬಾಕ್ಸ್‌ಗಳನ್ನೂ (ಕೆಲವರೇ ಕೂರುವ, ಸಣ್ಣ ಕೋಣೆಯಂಥ ಜಾಗ) ಮಾರಿಬಿಟ್ಟರು. ಒಂದು ರಾತ್ರಿಗಲ್ಲ, ಒಂದು ವರ್ಷಕ್ಕೂ ಅಲ್ಲ, ಶಾಶ್ವತವಾಗಿ. ದುಡ್ಡು ಕೊಟ್ಟವರಿಗೆ ಆ ಕುರ್ಚಿ ಹೊಲ, ಮನೆಯ ಹಾಗೆ ಸ್ವಂತ ಆಸ್ತಿ. ಅಪ್ಪನಿಂದ ಮಗನಿಗೆ ಹೋಗುವಂಥದ್ದು. 1847ರ ಏಪ್ರಿಲ್ 4ರಂದು ಮಂದಿರ ತೆರೆದಾಗ ಸುಮಾರು 3,500 ಜನ ಹಿಡಿಸುವಷ್ಟು ದೊಡ್ಡದಿತ್ತು. ವಾಸ್ತುಶಿಲ್ಪಿ ಮಿಕೆಲ್ ಗಾರಿಗಾ ಇ ರೋಕಾ. ಒಳಗೆ ರಾಜಮನೆತನಕ್ಕೆ ಅಂತ ಪ್ರತ್ಯೇಕ ಬಾಕ್ಸ್ ಇಡಲಿಲ್ಲ. ಇವತ್ತಿಗೂ ಇಲ್ಲ.

ಈ ಏರ್ಪಾಟು ಹೇಗೆ ನಡೆಯುತ್ತಿತ್ತು ಅಂತ ಸರಿಯಾಗಿ ತಿಳಿದುಕೊಳ್ಳಬೇಕು, ಮುಂದಿನದಕ್ಕೆಲ್ಲ ಅದೇ ಮೂಲ. ಮಾಲೀಕರ ಸಂಘ ಕಟ್ಟಡವನ್ನು ಒಬ್ಬ ಗುತ್ತಿಗೆದಾರನಿಗೆ ಒಪ್ಪಿಸುತ್ತಿತ್ತು. ಅವನು ಗಾಯಕರನ್ನು ಕರೆಸಿ ಆಪೆರಾ ಆಡಿಸಬೇಕು. ಮಾಲೀಕರ ಕುರ್ಚಿಗಳು ಮಾಲೀಕರಿಗೇ. ಉಳಿದ ಕುರ್ಚಿಗಳ ಟಿಕೆಟ್ ಮಾರಿ ಅವನು ಖರ್ಚು ತೆಗೆದು ಲಾಭ ಮಾಡಿಕೊಳ್ಳಬೇಕು. ಅಂದರೆ ಒಳ್ಳೊಳ್ಳೆ ಜಾಗದ ಕುರ್ಚಿಗಳಿಂದ ಗಲ್ಲಾಪೆಟ್ಟಿಗೆಗೆ ಬರುವುದು ಕಡಿಮೆ. ಕಟ್ಟುವಾಗ ಒಂದೇ ಸಲ ಬಂದ ದುಡ್ಡಿಗೆ ನೂರಾರು ವರ್ಷ ಋಣ ತೀರಿಸುವ ಲೆಕ್ಕ ಇದು. ಆದರೂ ಆ ಕಾಲದ ತೀರ್ಮಾನವನ್ನು ನಾನು ತಪ್ಪು ಅನ್ನಲಾರೆ. ಹಾಗೆ ಮಾಡದಿದ್ದರೆ ಮಂದಿರವೇ ಏಳುತ್ತಿರಲಿಲ್ಲ.

ಎರಡು ಪೆಟ್ಟು

ಹದಿನಾಲ್ಕು ವರ್ಷಕ್ಕೆ ಮೊದಲ ಪೆಟ್ಟು. 1861ರ ಏಪ್ರಿಲ್ 9ರಂದು ಮೇಲಿನ ಮಹಡಿಯಲ್ಲಿ ವೇಷಭೂಷಣ ಹೊಲಿಯುವ ಕೋಣೆಯಲ್ಲಿ ಬೆಂಕಿ ಹತ್ತಿತು. ವೇದಿಕೆ, ಸಭಾಂಗಣ ಸುಟ್ಟುಹೋದವು. ಮುಂಭಾಗ, ಪ್ರವೇಶದ ಹಜಾರ, ಕನ್ನಡಿಗಳ ಹಾಲ್ ಉಳಿದವು. ಮತ್ತೆ ಕಟ್ಟುವ ದುಡ್ಡನ್ನು ಮಾಲೀಕರೇ ಹಾಕಿದರು. ವಾಸ್ತುಶಿಲ್ಪಿ ಜುಸೆಪ್ ಒರಿಯೊಲ್ ಮೆಸ್ಟ್ರೆಸ್ ಮುಂದೆ ನಿಂತು ಕೆಲಸ ಮಾಡಿಸಿದ. 1862ರ ಏಪ್ರಿಲ್ 20ಕ್ಕೆ, ಒಂದು ವರ್ಷ ಹನ್ನೊಂದು ದಿನದಲ್ಲಿ, ಬಾಗಿಲು ತೆರೆಯಿತು. ಕುರ್ಚಿ ಸ್ವಂತದ್ದು ಅನ್ನುವ ಅಭಿಮಾನಕ್ಕೆ ಇರುವ ಬಲ ಅದು. ತಮ್ಮದು ಅಂದುಕೊಂಡವರು ಕಾಯಲಿಲ್ಲ, ಜೇಬಿಗೆ ಕೈಹಾಕಿದರು.

ಎರಡನೆಯದು ಅದೇ ಅಭಿಮಾನದ ಇನ್ನೊಂದು ಮುಖ ತೋರಿಸಿತು. ಲಿಸೆವು ಊರಿನ ಸಿರಿವಂತರ ಮನೆಯ ಪಡಸಾಲೆಯಂತೆ ಆಗಿತ್ತು. ಕೆಳಗೆ, ಬಾಕ್ಸ್‌ಗಳಲ್ಲಿ ಗಿರಣಿ ಮಾಲೀಕರು. ಮೇಲೆ ನಾಲ್ಕು, ಐದನೇ ಮಹಡಿಯಲ್ಲಿ ಕಡಿಮೆ ದುಡ್ಡಿನ ಟಿಕೆಟ್‌ನವರು. ಅವರಿಗೆ ರಾಂಬ್ಲಾದ ದೊಡ್ಡ ಬಾಗಿಲು ಅಲ್ಲ, ಪಕ್ಕದ ಸಾಂಟ್ ಪಾವ್ ಬೀದಿಯ ಬಾಗಿಲು. 1893ರ ನವೆಂಬರ್ 7, ಹೊಸ ಸೀಸನ್ನಿನ ಮೊದಲ ರಾತ್ರಿ. ರೊಸ್ಸಿನಿಯ ‘ವಿಲಿಯಂ ಟೆಲ್’ ಆಪೆರಾದ ಎರಡನೇ ಅಂಕ ನಡೆಯುತ್ತಿತ್ತು. ಸಾಂಟಿಯಾಗೊ ಸಾಲ್ವಡೋರ್ ಎಂಬ ಅರಾಜಕತಾವಾದಿ ಮೇಲಿನಿಂದ ಎರಡು ಬಾಂಬ್ ಎಸೆದ. ಒಂದು ಸಿಡಿದು 20 ಜನ ಸತ್ತರು. ಇನ್ನೊಂದು ಸಿಡಿಯಲಿಲ್ಲ. ಅದಕ್ಕೆ ತಿಂಗಳ ಹಿಂದೆ ಸರ್ಕಾರ ಗುಂಡಿಕ್ಕಿ ಮರಣದಂಡನೆ ಕೊಟ್ಟಿದ್ದ ತನ್ನ ಜೊತೆಗಾರನ ಸೇಡು ತೀರಿಸಲು ಹೀಗೆ ಮಾಡಿದೆ ಅಂತ ಅವನು ಹೇಳಿದ. ಸತ್ತವರಲ್ಲಿ ಯಾರೂ ಆ ಶಿಕ್ಷೆ ಕೊಟ್ಟವರಲ್ಲ. ಸಂಗೀತ ಕೇಳಲು ಬಂದವರು, ಹೆಂಗಸರೂ ಇದ್ದರು. ಮಂದಿರ 1894ರ ಜನವರಿ 18ರಂದು ಮತ್ತೆ ತೆರೆಯಿತು. ಸತ್ತವರ ಕುರ್ಚಿಗಳಲ್ಲಿ ಬಹಳ ವರ್ಷ ಯಾರೂ ಕೂರಲಿಲ್ಲ.

ತುಂಬಿದ ಸಭೆಯ ನಡುವೆ ಖಾಲಿ ಬಿಟ್ಟ ಆ ಕುರ್ಚಿಗಳನ್ನು ನೆನೆಸಿಕೊಂಡಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಈ ಕಟ್ಟಡದಲ್ಲಿ ಒಂದು ಕುರ್ಚಿಗೆ ಎಷ್ಟು ತೂಕವಿತ್ತು ಅಂತ ಅದರಿಂದಲೇ ತಿಳಿಯುತ್ತದೆ.

ಸಮಸ್ಯೆ: ಎಲ್ಲರಿಗೂ ಗೊತ್ತಿತ್ತು

ಇಪ್ಪತ್ತನೇ ಶತಮಾನದ ಮಧ್ಯದ ಹೊತ್ತಿಗೆ ಹಳೆಯ ಲೆಕ್ಕ ಕೂಡದಾಯಿತು. ಗಾಯಕರ ಸಂಭಾವನೆ, ವಾದ್ಯವೃಂದ, ರಂಗಸಜ್ಜಿಕೆ, ಎಲ್ಲದರ ಖರ್ಚು ಏರಿತು. 1947ರಿಂದ ಗುತ್ತಿಗೆ ಹಿಡಿದಿದ್ದ ಜುವಾನ್ ಅಂತೋನಿ ಪಾಮಿಯಾಸ್ 1980ರವರೆಗೂ ಹೇಗೋ ಎಳೆದರು. ಅವರು ತೀರಿಕೊಂಡ ಮೇಲೆ ಆ ಪದ್ಧತಿಯೂ ಮುಗಿಯಿತು. ಬಾರ್ಸಿಲೋನಾ ಇರುವ ಪ್ರಾಂತ್ಯವಾದ ಕ್ಯಾಟಲೋನಿಯಾದ ಸರ್ಕಾರ, ನಗರಸಭೆ, ಮಾಲೀಕರ ಸಂಘ ಸೇರಿ ಒಂದು ಒಕ್ಕೂಟ ಮಾಡಿಕೊಂಡರು. ಆಮೇಲೆ ಸ್ಪೇನ್ ಸರ್ಕಾರದ ಸಂಸ್ಕೃತಿ ಸಚಿವಾಲಯವೂ ಕೈಜೋಡಿಸಿತು. ನಡೆಸುವ ಖರ್ಚು ಈಗ ಜನರ ತೆರಿಗೆಯದು. ಕಟ್ಟಡ ಮಾತ್ರ ಇನ್ನೂ ಮಾಲೀಕರದು.

ಇಲ್ಲೇ ಕಗ್ಗಂಟು ಬಿತ್ತು. ಕಟ್ಟಡ ಹಳೆಯದಾಗಿತ್ತು. ವೇದಿಕೆಯ ಪಕ್ಕದಲ್ಲಿ, ಹಿಂದೆ ಜಾಗವಿರಲಿಲ್ಲ. ದೊಡ್ಡ ಸೆಟ್ ತಂದರೆ ಇಡಲು ತಾವಿಲ್ಲ. ಒಳಗೆಲ್ಲ ಮರ, ಬಟ್ಟೆ, ಮಖಮಲ್. 1986ರಲ್ಲೇ ವಾಸ್ತುಶಿಲ್ಪಿ ಇಗ್ನಾಸಿ ಡಿ ಸೋಲಾ-ಮೊರಾಲೆಸ್ ಅವರಿಗೆ ನವೀಕರಣ, ವಿಸ್ತರಣೆಯ ಯೋಜನೆ ಮಾಡಲು ಹೇಳಿದ್ದರು. ನಕ್ಷೆ ತಯಾರಾಯಿತು. ಆದರೆ ಕಟ್ಟಡ ಬೆಳೆಸಲು ಅಕ್ಕಪಕ್ಕದ ಮನೆಗಳನ್ನು ತೆಗೆಯಬೇಕು. ಅಲ್ಲಿ ಜನ ಬದುಕುತ್ತಿದ್ದರು, ಅಂಗಡಿ ಇಟ್ಟಿದ್ದರು. ಅವರು ಒಪ್ಪಲಿಲ್ಲ, ಒಪ್ಪಬೇಕು ಅಂತ ಹೇಳುವುದೂ ಸುಲಭವಲ್ಲ. ಇನ್ನೊಂದು ಕಡೆ, ಖಾಸಗಿ ಆಸ್ತಿಗೆ ಸರ್ಕಾರ ಇಷ್ಟು ದುಡ್ಡು ಸುರಿಯುವುದು ಹೇಗೆ ಅನ್ನುವ ಪ್ರಶ್ನೆ. ಹೀಗೆ ವರ್ಷಗಳು ಹೋದವು. ದೊಡ್ಡ ಕೆಲಸ ನಿಂತಿತ್ತು, ಸಣ್ಣಪುಟ್ಟ ರಿಪೇರಿ ನಡೆಯುತ್ತಿತ್ತು. ಆ ಉಕ್ಕಿನ ಪರದೆಯ ಕೆಲಸ ಅಂಥದ್ದೊಂದು ರಿಪೇರಿ.

ಬೆಂಕಿ ಯಾಕೆ ಅಷ್ಟು ಬೇಗ ಹಬ್ಬಿತು ಅಂತ ಕೇಳಬಹುದು. ಇಂಥ ಮಂದಿರದಲ್ಲಿ ವೇದಿಕೆಯ ಮೇಲೆ ಗೋಪುರದ ಹಾಗೆ ಎತ್ತರದ ಪೊಳ್ಳು ಜಾಗ ಇರುತ್ತದೆ. ಪರದೆಗಳನ್ನು, ಬಣ್ಣದ ದೃಶ್ಯಗಳನ್ನು ಹಗ್ಗದಲ್ಲಿ ಮೇಲೆಳೆದು ನೇತುಹಾಕುವುದು ಅಲ್ಲಿ. ಸಾಲುಸಾಲಾಗಿ ಒಣಗಿದ ಬಟ್ಟೆ. ಕೆಳಗೆ ಕಿಡಿ ಬಿದ್ದರೆ ಆ ಗೋಪುರ ಚಿಮಣಿಯಂತೆ ಬೆಂಕಿಯನ್ನು ಮೇಲಕ್ಕೆ ಎಳೆಯುತ್ತದೆ. ಅದು ಒಮ್ಮೆ ಮೇಲೆ ಹೋದರೆ ವೇದಿಕೆಯ ಮೇಲೆ ನಿಂತವರ ಕೈಗೆ ಸಿಗುವುದಿಲ್ಲ. ಉಕ್ಕಿನ ಪರದೆ ಇಟ್ಟಿರುವುದೇ ಅದಕ್ಕೆ. ಅದೇ ರಿಪೇರಿಯಲ್ಲಿದ್ದರೆ ಅವತ್ತಿನ ಮಟ್ಟಿಗೆ ಕಟ್ಟಡಕ್ಕೆ ಕಾವಲೇ ಇಲ್ಲ ಅಂತ ಲೆಕ್ಕ ಅಲ್ವಾ? ಹಾಗಾದರೆ ಆ ದಿನ ಮಾಮೂಲಿಗಿಂತ ಜಾಸ್ತಿ ಕಾವಲು ಬೇಕು. ಹತ್ತಿರದ ಬಟ್ಟೆಯೆಲ್ಲ ಬಿಚ್ಚಿಡಬೇಕು, ಬಿಚ್ಚಲಾಗದ್ದನ್ನು ಬೆಂಕಿ ಹಿಡಿಯದ ಹೊದಿಕೆಯಿಂದ ಮುಚ್ಚಬೇಕು. ಟಾರ್ಚ್ ಹಿಡಿಯುವವನ ಪಕ್ಕ ಬೇರೇನೂ ಮಾಡದೆ ಕಿಡಿಯನ್ನೇ ನೋಡುವ ಒಬ್ಬ ಇರಬೇಕು, ಅವನ ಕೈಯಲ್ಲಿ ನೀರಿನ ಪೈಪ್ ಇರಬೇಕು. ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಅವನು ಅಲ್ಲಿಂದ ಕದಲಬಾರದು. ನಾಟಕ ಆಡಿಸುವವರು, ಸಭಾಭವನ ನೋಡಿಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದು ಪ್ಯಾರಾ ದಯವಿಟ್ಟು ನೆನಪಿಡಿ.

ಏನು ಮಾಡಬಹುದಿತ್ತು, ಏನು ಮಾಡಿದರು

ಬೆಂಕಿ ಆರಿದಾಗ ಕುದುರೆ ಲಾಳದ ಆಕಾರದ ಗೋಡೆಗಳು ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದವು. ಜನ ರಾಂಬ್ಲಾದಲ್ಲಿ ನಿಂತು ನೋಡುತ್ತಿದ್ದರು. 1861ರಲ್ಲಿ ಉಳಿದಿದ್ದ ಕನ್ನಡಿಗಳ ಹಾಲ್ ಈ ಸಲವೂ ಉಳಿಯಿತು. ಮುಂಭಾಗವೂ ಉಳಿಯಿತು. ಕಟ್ಟಡಕ್ಕೆ ಅಂಟಿಕೊಂಡಿರುವ ಖಾಸಗಿ ಕ್ಲಬ್ಬೂ, ಅಲ್ಲಿನ ರಮೋನ್ ಕಾಸಾಸ್ ಬರೆದ ಹನ್ನೆರಡು ತೈಲಚಿತ್ರಗಳೂ ಉಳಿದವು.

ಮುಂದೆ ಹಲವು ದಾರಿ ಇದ್ದವು. ಊರ ಹೊರಗೆ ವಿಶಾಲ ಜಾಗದಲ್ಲಿ ಹೊಸದು ಕಟ್ಟಬಹುದಿತ್ತು. ಅಲ್ಲಿ ಮನೆ ಕೆಡವುವ ಗೋಜಿಲ್ಲ. ಅಥವಾ ಹಳೆ ಗೋಡೆಯೊಳಗೆ ಈ ಕಾಲದ ಸಭಾಂಗಣ ಮಾಡಬಹುದಿತ್ತು. ಸುಟ್ಟುಹೋದದ್ದನ್ನು ನಕಲು ಮಾಡುವುದು ಪ್ರಾಮಾಣಿಕವಲ್ಲ ಅನ್ನುವ ವಾದಕ್ಕೂ ತೂಕವಿದೆ. ಕೊನೆಗೆ ಆದ ತೀರ್ಮಾನ ಇದು: ಅದೇ ಜಾಗ, ಸಭಾಂಗಣ ಹಳೆಯ ರೂಪದಲ್ಲೇ, ವೇದಿಕೆ ಮತ್ತು ಅದರ ಹಿಂದಿನದು, ಕೆಳಗಿನದು ಎಲ್ಲ ಪೂರ್ತಿ ಹೊಸದು. ಎಂಟು ವರ್ಷದ ಹಿಂದೆ ನಕ್ಷೆ ಶುರುಮಾಡಿದ್ದ ಸೋಲಾ-ಮೊರಾಲೆಸ್ ಅವರಿಗೇ ಕೆಲಸ ಹೋಯಿತು, ಜೊತೆಗೆ ಜಾವಿಯರ್ ಫಾಬ್ರೆ, ಯುಯೀಸ್ ದಿಲ್ಮೆ. ಆ ಹಳೆಯ ನಕ್ಷೆ ಕಪಾಟಿನಲ್ಲಿ ಇಲ್ಲದೇ ಹೋಗಿದ್ದರೆ ಎಲ್ಲಿಂದ ಶುರುಮಾಡುವುದು ಅನ್ನುವುದಕ್ಕೇ ವರ್ಷಗಳು ಬೇಕಾಗುತ್ತಿದ್ದವು. ಹಾಳೆಯಲ್ಲೇ ಉಳಿದ ಯೋಜನೆಯನ್ನು ದಂಡ ಅಂತ ಬೈಯುವುದು ಸುಲಭ. ಇಲ್ಲಿ ಅದೇ ಕೈಹಿಡಿಯಿತು.

ನನ್ನ ಪ್ರಕಾರ ನಿಜವಾದ ತಿರುವು ಇದಲ್ಲ. ಅದು 1994ರ ಸೆಪ್ಟೆಂಬರಿನಲ್ಲಿ ಬಂತು. ಮತ್ತೆ ಕಟ್ಟಲು ಬೇಕಾದ ಮೊತ್ತ ಮಾಲೀಕರ ಕೈಮೀರಿತ್ತು. 1861ರ ಹಾಗೆ ಜೇಬಿನಿಂದ ತೆಗೆಯುವ ಕಾಲ ಹೋಗಿತ್ತು. ಸರ್ಕಾರಗಳು ಕೊಡಲು ತಯಾರಿದ್ದವು, ಆದರೆ ಆಸ್ತಿ ಸಾರ್ವಜನಿಕವಾಗಬೇಕು. ಮಾಲೀಕರ ಸಂಘ ಒಪ್ಪಿತು. ಲಿಸೆವು ಪ್ರತಿಷ್ಠಾನ ಹುಟ್ಟಿತು. 1847ರಲ್ಲಿ ಶಾಶ್ವತವಾಗಿ ಮಾರಿದ್ದ ಕುರ್ಚಿಗಳು 147 ವರ್ಷದ ಮೇಲೆ ಊರಿಗೆ ಬಂದವು. ಎಲ್ಲರೂ ನಗುನಗುತ್ತಾ ಬಿಟ್ಟುಕೊಟ್ಟರು ಅಂತ ಭಾವಿಸಬಾರದು. ಅಜ್ಜನ ಕಾಲದಿಂದ ಬಂದದ್ದನ್ನು, ಪ್ರತಿ ಚಳಿಗಾಲ ಅಮ್ಮನ ಪಕ್ಕ ಕೂತು ಹಾಡು ಕೇಳಿದ ಜಾಗವನ್ನು ಬಿಡುವುದು ಯಾರಿಗಾದರೂ ಕಷ್ಟವೇ. ಆದರೆ ಸುಟ್ಟ ಮೇಲೆ ಅವರ ಹತ್ತಿರ ಉಳಿದಿದ್ದು ಕುರ್ಚಿಯಲ್ಲ, ಕುರ್ಚಿಯ ಹಕ್ಕು. ಹಕ್ಕು ಬಿಟ್ಟರೆ ಕುರ್ಚಿ ಮತ್ತೆ ಹುಟ್ಟುತ್ತದೆ. ಸಂಘ ಆ ಲೆಕ್ಕವನ್ನು ಸರಿಯಾಗಿ ಮಾಡಿತು.

ನೆರೆಯವರ ವಿಷಯದಲ್ಲಿ ಇಷ್ಟು ನೆಮ್ಮದಿಯಿಂದ ಬರೆಯಲಾರೆ. ಬೆಂಕಿಗೆ ಮೊದಲು ಅವರ ವಿರೋಧಕ್ಕೆ ಬೆಲೆ ಇತ್ತು. ಬೆಂಕಿಯ ಮೇಲೆ ಊರಿನ ದುಃಖದ ಮುಂದೆ ಅವರ ದನಿ ಸಣ್ಣದಾಯಿತು. ಅಕ್ಕಪಕ್ಕದ ಕಟ್ಟಡಗಳನ್ನು ಸ್ವಾಧೀನ ಮಾಡಿಕೊಂಡರು, ಕೆಡವಿದರು. ಇವತ್ತು ವೇದಿಕೆಗೆ ಸಿಕ್ಕಿರುವ ಜಾಗದಲ್ಲಿ ಒಂದು ಪಾಲು ಯಾರೋ ಅಡುಗೆ ಮಾಡುತ್ತಿದ್ದ, ಮಕ್ಕಳನ್ನು ಮಲಗಿಸುತ್ತಿದ್ದ ಮನೆಗಳದು. ಈ ಪ್ರಕರಣವನ್ನು ಯಶಸ್ಸು ಅಂತ ಹೇಳುವವರು ಅದನ್ನೂ ಸೇರಿಸಿ ಹೇಳಬೇಕು.

ಕಟ್ಟುವ ವರ್ಷಗಳಲ್ಲಿ ಆಪೆರಾ ನಿಲ್ಲಲಿಲ್ಲ. ವಿಕ್ಟೋರಿಯಾ ಥಿಯೇಟರಿನಲ್ಲಿ, ಪಲಾವ್ ಡಿ ಲಾ ಮ್ಯೂಸಿಕಾ ಎಂಬ ಸಂಗೀತ ಸಭಾಂಗಣದಲ್ಲಿ ಪ್ರದರ್ಶನ ನಡೆಸಿದರು. ಇದು ಚಿಕ್ಕ ವಿಷಯದಂತೆ ಕಾಣಬಹುದು. ಆದರೆ ವಾದ್ಯದವರು, ಮೇಳದವರು ಐದು ವರ್ಷ ಮನೆಯಲ್ಲಿ ಕೂತರೆ ಕಟ್ಟಡ ಮುಗಿಯುವ ಹೊತ್ತಿಗೆ ಹಾಡಲು ಯಾರೂ ಇರುವುದಿಲ್ಲ.

ಫಲ

1999ರ ಅಕ್ಟೋಬರ್ 7ರಂದು ಪುಚ್ಚಿನಿಯ ‘ತುರಂದೋತ್’ ಆಪೆರಾದೊಂದಿಗೆ ಲಿಸೆವು ತೆರೆಯಿತು. ಬೆಂಕಿ ಬಿದ್ದ ಸೀಸನ್ನಿನಲ್ಲಿ ಆಡಬೇಕಾಗಿದ್ದು ಅದೇ ಆಪೆರಾ. ಅರ್ಧಕ್ಕೆ ನಿಂತ ಮಾತನ್ನು ಅಲ್ಲಿಂದಲೇ ಮುಂದುವರಿಸಿದ ಹಾಗೆ.

ಒಳಗೆ ಹೋದವರಿಗೆ ಮೊದಲು ಕಂಡಿದ್ದು ಹಳೆಯ ಲಿಸೆವು. ಲಾಳದ ಆಕಾರ, ಚಿನ್ನದ ಬಣ್ಣದ ಅಲಂಕಾರ, ಎರಕದ ಕಬ್ಬಿಣದ ಚೌಕಟ್ಟಿಗೆ ಕೆಂಪು ಮಖಮಲ್ ಹೊದಿಸಿದ ಕುರ್ಚಿಗಳು, ಡ್ರ್ಯಾಗನ್ ಆಕಾರದ ಹಿತ್ತಾಳೆ ದೀಪಗಳು. ಸ್ವಲ್ಪ ಕಣ್ಣು ಹೊಂದಿಕೊಂಡ ಮೇಲೆ ವ್ಯತ್ಯಾಸ ಕಾಣುತ್ತದೆ. ನಡುವೆ ತೂಗುತ್ತಿದ್ದ ದೊಡ್ಡ ದೀಪಗುಚ್ಛ ಇಲ್ಲ. ಅಲ್ಲಿ ಬೆಳಕಿನ ಉಪಕರಣಗಳಿಗಾಗಿ ಒಂದು ದುಂಡನೆಯ ಅಟ್ಟ. ಕುರ್ಚಿಯ ಬೆನ್ನಿಗೆ ಹಾಡಿನ ಅರ್ಥ ತೋರಿಸುವ ಪುಟ್ಟ ಪರದೆ. ಸಭಾಂಗಣದ ಅಡಿಯಲ್ಲಿ ಎಲ್ಲರೂ ಸೇರಲು ಹೊಸ ಹಜಾರ. ವೇದಿಕೆಯ ಕೆಳಗೆ ಆಳಕ್ಕೆ ಅಗೆದು, ಸೆಟ್‌ಗಳನ್ನು ಏರಿಸಿ ಇಳಿಸುವ ಯಂತ್ರಗಳು.

ನನಗೆ ಬಹಳ ಹಿಡಿಸಿದ್ದು ಛಾವಣಿ. ಅಲ್ಲಿ ಎಂಟು ದುಂಡು ಚೌಕಟ್ಟುಗಳಲ್ಲಿ ಹಿಂದೆ ಚಿತ್ರಗಳಿದ್ದವು, ಎಲ್ಲ ಸುಟ್ಟುಹೋದವು. ಅವನ್ನೂ ನಕಲು ಮಾಡಬಹುದಿತ್ತು. ಮಾಡಲಿಲ್ಲ. ಪೆರೆಜಾವ್ಮೆ ಎಂಬ ಕಲಾವಿದನಿಗೆ ಕೊಟ್ಟರು. ಕೆಳಗಿನಿಂದ ನೋಡಿದರೆ ಕೆಂಪು ಬೆಟ್ಟಗುಡ್ಡ, ಕಣಿವೆಗಳ ಹಾಗೆ ಕಾಣುತ್ತದೆ. ದಿಟ್ಟಿಸಿದರೆ ಅವು ಬೆಟ್ಟಗಳಲ್ಲ, ರಂಗಮಂದಿರದ ಕೆಂಪು ಕುರ್ಚಿಗಳು, ಸಾಲುಸಾಲಾಗಿ ದಿಗಂತದವರೆಗೆ. ಕುರ್ಚಿಗಾಗಿ ಇಷ್ಟು ಕಾಲ ಹೆಣಗಿದ ಕಟ್ಟಡದ ನೆತ್ತಿಯ ಮೇಲೆ ಈಗ ಯಾರಿಗೂ ಸೇರದ ಕುರ್ಚಿಗಳು.

ಇತರರಿಗೆ ಸಿಗುವುದೇನು

ಬೆಂಕಿಯೇ ಒಳ್ಳೆಯದು ಮಾಡಿತು ಅಂತ ಕೆಲವರು ಈ ಕಥೆಯಿಂದ ತೀರ್ಮಾನಿಸುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಕಿ ಸುಟ್ಟಿತು, ಅಷ್ಟೇ. ಒಳ್ಳೆಯದು ಮಾಡಿದ್ದು ಮೊದಲೇ ಬರೆದಿಟ್ಟಿದ್ದ ನಕ್ಷೆ, ತಡಮಾಡದೆ ಜಾಗದ ಬಗ್ಗೆ ಆದ ತೀರ್ಮಾನ, ಮತ್ತು ಹಕ್ಕು ಬಿಟ್ಟುಕೊಟ್ಟವರ ಒಪ್ಪಿಗೆ. ಈ ಮೂರರಲ್ಲಿ ಮೊದಲಿನದು ಬೆಂಕಿಗೆ ಮೊದಲೇ ಇತ್ತು. ಮೂರನೆಯದು 1980ರಲ್ಲೇ, ಜನರ ದುಡ್ಡು ಬರಲು ಶುರುವಾದಾಗಲೇ ಆಗಬಹುದಿತ್ತು. ಆಗ ಒಡೆತನದ ಮಾತನ್ನು ಎತ್ತದೆ ಮುಂದಕ್ಕೆ ಹಾಕಿದರು. ಖರ್ಚು ಒಬ್ಬರದು, ಆಸ್ತಿ ಇನ್ನೊಬ್ಬರದು ಆಗಿದ್ದ ಆ ಹದಿನಾಲ್ಕು ವರ್ಷ ದೊಡ್ಡ ರಿಪೇರಿಗೆ ಯಾರೂ ಕೈಹಾಕಲಿಲ್ಲ. ಹಳೆಯ ಕಟ್ಟಡ ನೋಡಿಕೊಳ್ಳುವ ಯಾವುದೇ ಸಮಿತಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ಛಾವಣಿ ಸೋರಿದರೆ ರಿಪೇರಿ ಮಾಡಿಸಲು ಸಹಿ ಹಾಕುವವರು ಯಾರು? ಉತ್ತರ ತಕ್ಷಣ ಬರದಿದ್ದರೆ ಅಪಾಯ ಆಗಲೇ ಶುರುವಾಗಿದೆ.

ಕ್ಲಬ್ಬು ಮಾತ್ರ ಖಾಸಗಿಯಾಗಿಯೇ ಉಳಿಯಿತು. 2001ರವರೆಗೂ ಅಲ್ಲಿ ಹೆಂಗಸರಿಗೆ ಸದಸ್ಯತ್ವ ಇರಲಿಲ್ಲ. ಆ ವೇದಿಕೆಯಲ್ಲಿ ದಶಕಗಳ ಕಾಲ ಹಾಡಿದ ಮೊನ್ಸರಾಟ್ ಕಾಬಾಯೆ ಅಂಥವರಿಗೂ ಅಲ್ಲಿಯವರೆಗೆ ಬಾಗಿಲು ಮುಚ್ಚಿತ್ತು. ಕಟ್ಟಡದ ಒಡೆತನ ಬದಲಾದ ಕೂಡಲೇ ಅದರ ಎಲ್ಲ ಕೋಣೆಗಳೂ ಬದಲಾಗುವುದಿಲ್ಲ.

2020ರ ಜೂನ್ 22. ಕೊರೋನಾ ಕಾಲದ ತುರ್ತು ಪರಿಸ್ಥಿತಿ ಮುಗಿದ ಮರುದಿನ. ಲಿಸೆವು ಕಲಾವಿದ ಎವುಹೇನಿಯೊ ಆಂಪೂದಿಯಾ ಅವರ ಯೋಚನೆಯಂತೆ ತನ್ನ 2,292 ಕುರ್ಚಿಗಳಲ್ಲೂ ಒಂದೊಂದು ಗಿಡ ಇಟ್ಟಿತು. ಕೆಂಪು ಮಖಮಲ್ಲಿನ ಮೇಲೆ ಹಸಿರು, ಕೆಳಗಿನ ಸಾಲಿನಿಂದ ಐದನೇ ಮಹಡಿಯವರೆಗೆ. ನಾಲ್ಕು ಜನ ತಂತಿವಾದ್ಯದವರು ಬಂದು ಗಿಡಗಳಿಗೆ ನಮಸ್ಕರಿಸಿ ಪುಚ್ಚಿನಿಯ ‘ಕ್ರಿಸಾಂತೆಮಿ’ ನುಡಿಸಿದರು. ಆಮೇಲೆ ಆ ಗಿಡಗಳನ್ನು ಆಸ್ಪತ್ರೆಯಲ್ಲಿ ದುಡಿದವರ ಮನೆಗಳಿಗೆ ಕಳಿಸಿಕೊಟ್ಟರು.